ಯಾವುದರಲ್ಲೂ ಆಸಕ್ತಿ ನಿಲ್ಲುತ್ತಿಲ್ಲ ಎನ್ನುವ ಪದವಿ ವಿದ್ಯಾರ್ಥಿನಿಗೆ

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ಸಿಇಟಿಯಲ್ಲಿ ಒಳ್ಳೆಯ ರ್‍ಯಾಂಕ್ ಬಾರದೆ ಈ ಕೋರ್ಸಿಗೆ ಸೇರಿದವಳು. ಗೆಳತಿಯರಲ್ಲಿ ಒಬ್ಬಳಿಗೆ ಭರತನಾಟ್ಯವೆಂದರೆ ಪ್ರಾಣ, ಇನ್ನೊಬ್ಬಳು ಕೆಎಎಸ್ ಎಂದು ಹಗಲಿರುಳು ಓದುತ್ತಾಳೆ. ನನಗೆ ಅಂಥದ್ದೇನೂ ಇಲ್ಲ. ಚಿತ್ರಕಲೆ, ಆನ್‌ಲೈನ್ ಕೋಡಿಂಗ್ ಕೋರ್ಸ್, ಗಿಟಾರ್ ಎಲ್ಲವನ್ನೂ ಶುರು ಮಾಡಿ ಕೆಲವೇ ವಾರಗಳಲ್ಲಿ ಬಿಟ್ಟಿದ್ದೇನೆ. ಪ್ರೇರಣಾ ಭಾಷಣ ಕೇಳಿದಾಗ ಹುಮ್ಮಸ್ಸು ಬರುತ್ತದೆ, ಎರಡು ದಿನಕ್ಕೆ ಇಳಿದುಹೋಗುತ್ತದೆ. ಉಳಿದವರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ? ನನ್ನ ಪ್ಯಾಶನ್ ಯಾವುದೆಂದು ತಿಳಿಯುವುದು ಹೇಗೆ? ಅಪ್ಪ ಬ್ಯಾಂಕ್ ಪರೀಕ್ಷೆಗೆ ತಯಾರಿ ಮಾಡು ಎನ್ನುತ್ತಿದ್ದಾರೆ. ಒಪ್ಪಿಕೊಂಡರೆ ಎಲ್ಲ ಅಲ್ಲಿಗೇ ಮುಗಿಯಿತೆಂದು ಭಯವಾಗುತ್ತದೆ.

ಉತ್ತರ: ನೀವು ಕೇಳಿರುವ ಪ್ರಶ್ನೆಗಳ ಹಿಂದೆ ಒಂದು ನಂಬಿಕೆ ಇದೆ. ಪ್ರತಿಯೊಬ್ಬರೊಳಗೂ ಒಂದು ಪ್ಯಾಶನ್ ಮೊದಲೇ ತಯಾರಾಗಿ ಕುಳಿತಿರುತ್ತದೆ, ಸರಿಯಾದ ವಿಷಯ ಎದುರಾದ ಕೂಡಲೇ ಅದು ಎದ್ದು ನಿಲ್ಲುತ್ತದೆ, ಆಮೇಲೆ ಕಷ್ಟವೆನ್ನುವುದೇ ಇರುವುದಿಲ್ಲ ಎಂಬ ನಂಬಿಕೆ ಅದು. ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ, ಅವರ ಜೊತೆ ಆಪ್ತ ಸಮಾಲೋಚನೆಯನ್ನೂ ಮಾಡುತ್ತ ಬಂದಿರುವ ನನಗೆ, ಓದಿನಲ್ಲಿ ಚುರುಕಾಗಿರುವ ಮಕ್ಕಳನ್ನು ಇದರಷ್ಟು ಕುಗ್ಗಿಸುವ ನಂಬಿಕೆ ಇನ್ನೊಂದು ಕಂಡಿಲ್ಲ. ಇದು ತಪ್ಪು ಎನ್ನುವುದಕ್ಕೆ ಸಾಕಷ್ಟು ಗಟ್ಟಿಯಾದ ಆಧಾರವೂ ಇದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಪಾಲ್ ಓಕೀಫ್, ಕೆರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ ಎಂಬ ಮನಶ್ಶಾಸ್ತ್ರಜ್ಞರು 2018ರಲ್ಲಿ ಇದೇ ವಿಷಯದ ಮೇಲೆ ಕಾಲೇಜು ವಿದ್ಯಾರ್ಥಿಗಳೊಂದಿಗೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಆಸಕ್ತಿ ಹುಟ್ಟಿನಿಂದಲೇ ಇರುತ್ತದೆ, ಅದನ್ನು ಪತ್ತೆ ಮಾಡಬೇಕಷ್ಟೆ ಎಂದು ತಿಳಿದವರು ಒಂದು ಕಡೆ. ಆಸಕ್ತಿಯನ್ನು ಬೆಳೆಸಿಕೊಳ್ಳಬಹುದು ಎಂದು ತಿಳಿದವರು ಇನ್ನೊಂದು ಕಡೆ. ಒಂದು ಪ್ರಯೋಗದಲ್ಲಿ ಕಪ್ಪುಕುಳಿಗಳ ಬಗ್ಗೆ ಸೊಗಸಾದ, ಸುಲಭವಾಗಿ ಅರ್ಥವಾಗುವ ವಿಡಿಯೊ ತೋರಿಸಿದರು. ಬಹುತೇಕ ಎಲ್ಲರಿಗೂ ಅದು ಹಿಡಿಸಿತು. ನಂತರ ಅದೇ ವಿಷಯದ ಮೇಲಿನ ಕಠಿಣವಾದ ವೈಜ್ಞಾನಿಕ ಲೇಖನವೊಂದನ್ನು ಓದಲು ಕೊಟ್ಟರು. ಆಗ ಮೊದಲನೆಯ ಗುಂಪಿನವರ ಆಸಕ್ತಿ ಎರಡನೆಯ ಗುಂಪಿನವರದಕ್ಕಿಂತ ಬಹಳ ಹೆಚ್ಚು ಕುಸಿಯಿತು. ಕಷ್ಟ ಎದುರಾದದ್ದನ್ನೇ ಅವರು ‘ಇದು ನನ್ನ ವಿಷಯವಲ್ಲ’ ಎಂಬ ಗುರುತೆಂದು ಓದಿಕೊಂಡಿದ್ದರು. ನಿಮ್ಮ ಚಿತ್ರಕಲೆ, ಕೋಡಿಂಗ್, ಗಿಟಾರ್ ಮೂರನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಕೆಲವೇ ವಾರಗಳಲ್ಲಿ ಬಿಟ್ಟೆ ಎಂದಿದ್ದೀರಿ. ಬೆರಳು ನೋಯಲು ಆರಂಭವಾಗುವುದು, ಪ್ರೋಗ್ರಾಮ್ ಏಕೆ ಓಡುತ್ತಿಲ್ಲವೆಂದು ತಿಳಿಯದೆ ಒಂದು ಸಂಜೆ ಪೂರ್ತಿ ಕಳೆಯುವುದು, ಬರೆದ ಮುಖ ಮುಖದಂತೆ ಕಾಣದಿರುವುದು ಆ ಹೊತ್ತಿಗೇ. ನೀವು ಬಿಟ್ಟದ್ದು ಆಸಕ್ತಿ ಇಲ್ಲದೆ ಇರಬಹುದು. ಆದರೆ ಆಸಕ್ತಿ ಇದ್ದವರೂ ಅದೇ ವಾರಗಳಲ್ಲಿ ಅದೇ ಬೇಸರವನ್ನು ಪಡುತ್ತಾರೆ. ಆದ್ದರಿಂದ ನಿಮ್ಮ ಸ್ವಭಾವದ ಬಗ್ಗೆ ತೀರ್ಪು ಕೊಡಲು ಈ ಮೂರು ಸಾಕ್ಷ್ಯಗಳು ಸಾಲವು.

ನಮ್ಮ ರಾಜ್ಯದ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಲೇಬೇಕು. ಹತ್ತನೆಯ ತರಗತಿಯ ಅಂಕಪಟ್ಟಿ ಬಂದ ದಿನವೇ ಹೆಚ್ಚಿನ ಮನೆಗಳಲ್ಲಿ ನಿರ್ಧಾರವಾಗಿಬಿಡುತ್ತದೆ: ಅಂಕ ಹೆಚ್ಚಿದ್ದರೆ ವಿಜ್ಞಾನ, ಸ್ವಲ್ಪ ಕಡಿಮೆಯಾದರೆ ವಾಣಿಜ್ಯ, ಅದಕ್ಕೂ ಕಡಿಮೆಯಾದರೆ ಕಲೆ. ಆಮೇಲಿನ ಎರಡು ವರ್ಷ ಪಿಯುಸಿ, ಟ್ಯೂಷನ್, ಸಿಇಟಿ, ನೀಟ್. ಆ ಎರಡು ವರ್ಷಗಳಲ್ಲಿ ಒಂದು ಪ್ರಶ್ನೆಯನ್ನು ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಇಳಿಸುವುದನ್ನು ಮಕ್ಕಳು ಬಹಳ ಚೆನ್ನಾಗಿ ಕಲಿಯುತ್ತಾರೆ, ತಮ್ಮದೇ ಪ್ರಶ್ನೆ ಕೇಳಲು ಮಾತ್ರ ಅವರಿಗೆ ಪುರುಸೊತ್ತು ಸಿಗುವುದಿಲ್ಲ. ರ್‍ಯಾಂಕ್ ಬಾರದಿದ್ದರೆ ಬಿ.ಎಸ್‌ಸಿ. ಹೀಗೆ ಒಂದೊಂದು ತಿರುವಿನಲ್ಲೂ ಬೇರೆಯವರೇ ದಾರಿ ತೋರಿಸಿ, ಹತ್ತೊಂಬತ್ತನೆಯ ವಯಸ್ಸಿಗೆ ‘ನಿನಗೇನು ಇಷ್ಟ ಹೇಳು’ ಎಂದು ದಿಢೀರನೆ ಕೇಳಿದರೆ ಉತ್ತರ ಇರುವುದಾದರೂ ಹೇಗೆ? ಇಷ್ಟಪಡುವುದಕ್ಕೂ ಅಭ್ಯಾಸ ಬೇಕು. ಆ ಅಭ್ಯಾಸಕ್ಕೆ ನಿಮಗೆ ಇದುವರೆಗೆ ಅವಕಾಶವೇ ಸಿಕ್ಕಿಲ್ಲ. ಇದನ್ನು ವೈಯಕ್ತಿಕ ಕೊರತೆಯೆಂದು ಹೊತ್ತುಕೊಳ್ಳಬೇಡಿ ಎಂದು ಬಹಳ ಕಾಳಜಿಯಿಂದ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಮೊದಲ ಪ್ರಶ್ನೆ: ಉಳಿದವರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ?

ಸುಜ್ಯಾನ್ ಹಿಡಿ ಮತ್ತು ಆನ್ ರೆನಿಂಗರ್ ಎಂಬ ಸಂಶೋಧಕಿಯರು 2006ರಲ್ಲಿ ಆಸಕ್ತಿ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ ಎಂದು ವಿವರಿಸಿದರು. ಮೊದಲು ಹೊರಗಿನ ಸನ್ನಿವೇಶವೊಂದು ಗಮನವನ್ನು ಸೆಳೆಯುತ್ತದೆ. ಸನ್ನಿವೇಶ ಅನುಕೂಲವಾಗಿದ್ದರೆ ಆ ಗಮನ ಕೆಲಕಾಲ ಉಳಿಯುತ್ತದೆ. ಆಮೇಲೆ ಹೊರಗಿನ ಒತ್ತಾಸೆ ಇಲ್ಲದೆಯೂ ವ್ಯಕ್ತಿ ತಾನಾಗಿ ಆ ವಿಷಯಕ್ಕೆ ಮರಳತೊಡಗುತ್ತಾನೆ. ಕೊನೆಗೆ ಅದು ಅವನ ಸ್ವಭಾವದ ಭಾಗವೇ ಆಗುತ್ತದೆ. ನಾವು ಪ್ಯಾಶನ್ ಎಂದು ಕರೆಯುವುದು ಈ ನಾಲ್ಕನೆಯದನ್ನು. ಗೆಳತಿಯ ಭರತನಾಟ್ಯವನ್ನು ನೀವು ನೋಡುತ್ತಿರುವುದು ನಾಲ್ಕನೆಯ ಹಂತದಲ್ಲಿ. ನಿಮ್ಮ ಗಿಟಾರನ್ನು ಅದರ ಜೊತೆ ತೂಗುತ್ತಿರುವುದು ಮೊದಲನೆಯ ಹಂತದಲ್ಲಿ. ಆಕೆ ಏಳೆಂಟು ವರ್ಷದವಳಿದ್ದಾಗ ಮೊದಲ ಪಾಠವಾದ ತಟ್ಟಡವು ಮಾಡುತ್ತ ಅತ್ತದ್ದನ್ನು ಅವಳ ತಾಯಿಯನ್ನು ಕೇಳಿದರೆ ಹೇಳಿಯಾರು.

ಮೊದಲ ಎರಡು ಹಂತಗಳು ಬಹುಮಟ್ಟಿಗೆ ನಮ್ಮ ಕೈಯಲ್ಲಿರುವುದಿಲ್ಲ. ಯಾರು ಏನನ್ನು ತೋರಿಸಿದರು, ಪಕ್ಕದಲ್ಲಿ ಯಾರಿದ್ದರು, ಮರುದಿನ ಬಾಗಿಲು ತೆರೆದಿತ್ತೇ ಎನ್ನುವುದರ ಮೇಲೆ ಅವು ನಿಂತಿರುತ್ತವೆ. ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಕೋರ್ಸಿಗೂ ಅದಕ್ಕೂ ಹತ್ತಿರದ ನಂಟಿದೆ.

ಮಲೆನಾಡಿನ ಅಂಚಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರು ಒಂದು ಶುಕ್ರವಾರ ತರಗತಿಗೆ ವಿಚಿತ್ರವಾದ ಹೋಮ್‌ವರ್ಕ್ ಕೊಟ್ಟರು. ಕಾಂಪೌಂಡ್ ಗೋಡೆಯ ಮೇಲೆ ಒಣಗಿ ಕಂದಾಗಿದ್ದ ಹಾವಸೆಯನ್ನು ಒಂದು ಬೆಂಕಿಪೊಟ್ಟಣದಷ್ಟು ಕೆರೆದು ತಂದು, ಪೆಟ್ರಿ ತಟ್ಟೆಯಲ್ಲಿ ನೀರು ಹಾಕಿ ರಾತ್ರಿಯಿಡೀ ನೆನೆಸಬೇಕು. ಮರುದಿನ ಹಾವಸೆಯನ್ನು ಹಿಂಡಿ, ಬಂದ ನೀರಿನ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಡಬೇಕು. ಹುಡುಕಬೇಕಾಗಿದ್ದದ್ದು ಟಾರ್ಡಿಗ್ರೇಡ್ ಎಂಬ ಪ್ರಾಣಿಯನ್ನು. 1773ರಲ್ಲಿ ಜರ್ಮನಿಯ ಗೋಟ್ಸೆ ಎಂಬಾತ ಇದನ್ನು ಮೊದಲು ವರ್ಣಿಸಿದಾಗ ಇಟ್ಟ ಹೆಸರು ‘ನೀರಿನ ಪುಟ್ಟ ಕರಡಿ’. ಎಂಟು ಕಾಲು, ಉದ್ದ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ. ನೀರು ಆರಿದಾಗ ಮೈಯನ್ನು ಮುದುಡಿಕೊಂಡು, ಬದುಕಿದೆಯೋ ಸತ್ತಿದೆಯೋ ತಿಳಿಯದ ಸ್ಥಿತಿಯಲ್ಲಿ ವರ್ಷಗಟ್ಟಲೆ ಇರಬಲ್ಲದು. ನೀರು ತಾಗಿದರೆ ಮತ್ತೆ ನಡೆಯುತ್ತದೆ. ಶನಿವಾರ ಅರ್ಧ ದಿನದ ಕಾಲೇಜು. ಹನ್ನೆರಡೂವರೆಯ ಬಸ್ಸಿಗೆ ತರಗತಿ ಖಾಲಿಯಾಯಿತು. ಒಬ್ಬ ವಿದ್ಯಾರ್ಥಿನಿ ಮಾತ್ರ ಉಳಿದಿದ್ದಳು, ಅದೂ ಆಸಕ್ತಿಯಿಂದಲ್ಲ. ಅವಳ ಊರಿನ ಬಸ್ಸು ಎರಡು ಗಂಟೆಗೆ. ಸೂಕ್ಷ್ಮದರ್ಶಕದ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತ, ಹನಿಯ ನಂತರ ಹನಿ ನೋಡುತ್ತ ಕುಳಿತವಳಿಗೆ ಕಂಡದ್ದು ಮಣ್ಣಿನ ಕಣ, ಹಾವಸೆಯ ಚೂರು, ಒಂದೆರಡು ದುಂಡುಹುಳು. ಕೊನೆಗೆ ಹಾವಸೆಯ ಎಲೆಯೊಂದರ ಅಂಚನ್ನು ಹಿಡಿದುಕೊಂಡು, ಹಿಂಗಾಲಿನ ಉಗುರು ಸಿಕ್ಕಿಸಿಕೊಂಡೇ ಮುಂದಕ್ಕೆ ಜಗ್ಗುತ್ತಿದ್ದ, ಒಳಗಿನ ಹಸಿರು ಹೊಟ್ಟೆ ಕಾಣುವಷ್ಟು ಪಾರದರ್ಶಕವಾದ ಆ ಪ್ರಾಣಿ ಕಂಡಿತು. ಅವಳು ಎರಡು ಗಂಟೆಯ ಬಸ್ಸನ್ನು ಬಿಟ್ಟಳು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಇದೂ ಒಂದು ಪ್ರೇರಣಾ ಭಾಷಣವಾಗುತ್ತದೆ. ಮುಖ್ಯವಾದದ್ದು ಮುಂದಿನ ವಾರಗಳು. ಆಮೇಲೆ ಮೂರು ವಾರ ಅವಳಿಗೆ ಒಂದೂ ಸಿಗಲಿಲ್ಲ. ಬೇಜಾರಾಗಿ ಬಿಡುವ ಹಂತಕ್ಕೆ ಬಂದಾಗ ಅಧ್ಯಾಪಕರು ಮಾಡಿದ್ದು ಎರಡೇ ಕೆಲಸ. ಶನಿವಾರ ಮಧ್ಯಾಹ್ನ ಪ್ರಯೋಗಾಲಯದ ಬೀಗದ ಕೈಯನ್ನು ಅಟೆಂಡರ್ ಬಳಿ ಅವಳಿಗಾಗಿ ಬಿಡುವಂತೆ ಏರ್ಪಾಟು ಮಾಡಿದರು. ಜೊತೆಗೆ, ‘ಸಿಕ್ಕಿತೇ ಇಲ್ಲವೇ ಎಂದು ನೋಡಬೇಡ, ಗೋಡೆಯ ಯಾವ ಮಗ್ಗುಲಿನ ಹಾವಸೆಯಲ್ಲಿ ಸಿಗುತ್ತದೆ ನೋಡು’ ಎಂದರು. ಆ ಒಂದು ಮಾತಿನಿಂದ ಸಿಗದಿದ್ದದ್ದೂ ಒಂದು ಉತ್ತರವಾಯಿತು. ಅವಳು ನೂರು ಪುಟದ ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿ, ದಿನಾಂಕ, ನೆರಳು, ಬಿಸಿಲು, ಮಳೆ ಬಿದ್ದು ಎಷ್ಟು ದಿನವಾಯಿತು ಎಂದೆಲ್ಲ ಬರೆದಿಟ್ಟಳು. ಸೆಮಿಸ್ಟರ್ ಮುಗಿಯುವ ವೇಳೆಗೆ ವಿಭಾಗದ ಸೆಮಿನಾರಿನಲ್ಲಿ ಹದಿನೈದು ನಿಮಿಷ ಮಾತನಾಡಿದಳು. ಪಶ್ಚಿಮದ ಮಗ್ಗುಲಿನಲ್ಲಿ ಏಕೆ ಕಡಿಮೆ ಎಂದು ಯಾರೋ ಕೇಳಿದ್ದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಆದರೆ ಆ ಪ್ರಶ್ನೆ ಅವಳ ಜೊತೆ ಮನೆಗೆ ಹೋಯಿತು. ಹಿಡಿ ಮತ್ತು ರೆನಿಂಗರ್ ಹೇಳುವ ಮೂರನೆಯ ಹಂತದ ಗುರುತು ಇದೇ: ಯಾರೂ ಕೇಳದಿದ್ದರೂ ಪ್ರಶ್ನೆಗಳು ತಾವಾಗಿ ಹುಟ್ಟತೊಡಗುವುದು. ಆ ಶುಕ್ರವಾರಕ್ಕೆ ಮುಂಚೆ ಅವಳನ್ನು ಯಾರಾದರೂ ‘ನಿನ್ನ ಪ್ಯಾಶನ್ ಯಾವುದು’ ಎಂದು ಕೇಳಿದ್ದರೆ, ಅವಳ ಉತ್ತರ ನಿಮ್ಮದೇ ಆಗಿರುತ್ತಿತ್ತು.

ಈ ಪ್ರಸಂಗದಲ್ಲಿ ಕೆಲಸ ಮಾಡಿದ ಶಕ್ತಿಗಳನ್ನು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರ ಸಿದ್ಧಾಂತ ಚೆನ್ನಾಗಿ ವಿವರಿಸುತ್ತದೆ. ಮನುಷ್ಯನ ಒಳಗಿನ ಪ್ರೇರಣೆ ಉಳಿಯಬೇಕಾದರೆ ಆಯ್ಕೆ ತನ್ನದೆಂಬ ಭಾವನೆ, ತಾನು ಸುಧಾರಿಸುತ್ತಿದ್ದೇನೆಂಬ ಅರಿವು, ತನ್ನನ್ನು ಲೆಕ್ಕಕ್ಕೆ ಇಟ್ಟುಕೊಂಡ ಜನರ ಸಹವಾಸ ಇವಿಷ್ಟೂ ಬೇಕು ಎನ್ನುತ್ತಾರೆ ಅವರು. ನೀವು ಕೋಣೆಯಲ್ಲಿ ಒಬ್ಬರೇ ಕುಳಿತು ಮೊಬೈಲಿನಲ್ಲಿ ಮಾಡಿದ ಕೋಡಿಂಗ್ ಕೋರ್ಸಿನಲ್ಲಿ ಆಯ್ಕೆ ನಿಮ್ಮದಾಗಿತ್ತು. ಆದರೆ ತಪ್ಪನ್ನು ತಿದ್ದಿ ಸುಧಾರಣೆಯನ್ನು ತೋರಿಸುವವರು ಇರಲಿಲ್ಲ, ಈ ವಾರ ನೀವು ಬರಲಿಲ್ಲವೆಂದು ಗಮನಿಸುವವರೂ ಇರಲಿಲ್ಲ. ಬಿಟ್ಟುಹೋದದ್ದು ಆಶ್ಚರ್ಯವಲ್ಲ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಪಿಯಾನೊ ವಾದಕರು, ಈಜುಗಾರರು, ಗಣಿತಜ್ಞರು ಮುಂತಾದ 120 ಮಂದಿ ಅಸಾಧಾರಣ ಸಾಧಕರ ಬೆಳವಣಿಗೆಯನ್ನು ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದಾಗಲೂ ಇಂಥದ್ದೇ ಚಿತ್ರ ಕಂಡಿತ್ತು. ಅವರ ಮೊದಲ ಗುರುಗಳು ದೊಡ್ಡ ಪಂಡಿತರಾಗಿರಲಿಲ್ಲ, ಅಕ್ಕರೆಯವರಾಗಿದ್ದರು. ಕಲಿಕೆಯ ಆರಂಭ ಆಟದಂತಿತ್ತು. ಬಿಗಿಯಾದ ಸಾಧನೆ ಬಂದದ್ದು ಆನಂತರ.

ಪ್ರೇರಣಾ ಭಾಷಣದ ಹುಮ್ಮಸ್ಸು ಏಕೆ ಇಳಿಯುತ್ತದೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಅದು ಮೊದಲ ಹಂತದ ಕಿಡಿಯನ್ನು ಕೊಟ್ಟು ಹೊರಟುಹೋಗುತ್ತದೆ. ಮರುದಿನ ಹೋಗಿ ಕೂರಲು ಒಂದು ಜಾಗ, ಮಾಡಲು ಒಂದು ಕೆಲಸ ಅದರ ಬೆನ್ನಿಗಿರುವುದಿಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯನ್ನು ನಾನು ಇಷ್ಟು ಗೌರವದಿಂದ ನೆನೆಯುವುದು ಈ ಕಾರಣಕ್ಕೆ. ಅಲ್ಲಿ ವಾರವಾರವೂ ಉಪನ್ಯಾಸವಿರುತ್ತಿತ್ತು, ಯಾರು ಬೇಕಾದರೂ ಬಂದು ಕೂರಬಹುದಿತ್ತು, ಕೇಳಬಹುದಿತ್ತು. ಹೆಗ್ಗೋಡಿನ ನೀನಾಸಮ್ ಕೂಡ ಹಾಗೆಯೇ. 1949ರಲ್ಲಿ ಹಳ್ಳಿಯ ನಾಟಕದ ಸಂಘವಾಗಿ ಆರಂಭವಾದದ್ದು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ಕಟ್ಟಿತು. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಬಂದು ಹೋದ ಅದೆಷ್ಟೋ ಕಾಲೇಜು ಹುಡುಗ ಹುಡುಗಿಯರು ಸಾಹಿತ್ಯದ ಕಡೆಗೋ ರಂಗಭೂಮಿಯ ಕಡೆಗೋ ತಿರುಗಿದ್ದಾರೆ. ಸ್ಫೂರ್ತಿ ಎನ್ನುವುದು ವ್ಯಕ್ತಿಯಿಂದ ವ್ಯಕ್ತಿಗೆ ಹಾರುವ ಮಿಂಚೆಂದು ನಾವು ಮಾತಾಡುತ್ತೇವೆ. ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ನಿಯಮಿತವಾಗಿ ತೆರೆಯುವ ಬಾಗಿಲುಗಳ ಬಳಿ ಸಿಗುತ್ತದೆ.

ದಾರಿ ನೇರವಾಗಿರಬೇಕೆಂದೂ ಇಲ್ಲ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದವರು. ತಾರುಣ್ಯದಲ್ಲಿ ಅವರಿಗಿದ್ದ ಆಸೆ ಇಂಗ್ಲಿಷಿನಲ್ಲಿ ಕವಿಯಾಗುವುದು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯ ದಿನಗಳಲ್ಲಿ ಅವರ ಕೈಯಿಂದ ಬಂದದ್ದು ಕನ್ನಡದ ನಾಟಕ, ಅದೂ ಅವರಿಗೇ ಅಚ್ಚರಿಯಾಗುವಂತೆ. ಬಾಲ್ಯದಲ್ಲಿ ಶಿರಸಿಯಲ್ಲಿ ಕಂಡ ಕಂಪನಿ ನಾಟಕ ಮತ್ತು ಯಕ್ಷಗಾನ, ಆಗ ಓದುತ್ತಿದ್ದ ಮಹಾಭಾರತ, ಮನೆ ಬಿಟ್ಟು ದೂರ ಹೋಗುವ ತಳಮಳ ಇವೆಲ್ಲ ಒಂದೆಡೆ ಸೇರಿದಾಗ ಅದು ಆಯಿತು. ರಾಜೇಶ್ವರಿ ಚಟರ್ಜಿಯವರದು ಇನ್ನೊಂದು ಬಗೆ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ಅವರು ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬಯಸಿದಾಗ ಭೌತಶಾಸ್ತ್ರದ ಪದವಿ ಇಲ್ಲವೆಂಬ ಆಕ್ಷೇಪ ಎದುರಾಯಿತು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿದರು. ಮುಂದೆ ಮಿಶಿಗನ್‌ನಲ್ಲಿ ಓದಿ 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿ, ಮೈಕ್ರೋವೇವ್ ಮತ್ತು ಆಂಟೆನಾಗಳ ಕ್ಷೇತ್ರದಲ್ಲಿ ಜೀವಮಾನದ ಕೆಲಸ ಮಾಡಿದರು. ಮೊದಲು ಬಯಸಿದ ಬಾಗಿಲು ಮುಚ್ಚಿದ ಮೇಲೆ ಸಿಕ್ಕ ಕ್ಷೇತ್ರವದು. ಸಿಇಟಿ ರ್‍ಯಾಂಕ್ ಬಾರದೆ ಬಿ.ಎಸ್‌ಸಿ.ಗೆ ಬಂದೆ ಎಂದು ಬರೆದಿರುವ ನಿಮಗಾಗಿಯೇ ಈ ಉದಾಹರಣೆಯನ್ನು ಆರಿಸಿದೆ. ಮೊದಲ ಆಯ್ಕೆಯಾಗಿರದ ವಿಷಯವೂ ಮನಸ್ಸಿಗೆ ಒಗ್ಗಬಲ್ಲದು. ಆದರೆ ಅದನ್ನು ಸೋಲಿನ ಗುರುತೆಂದು ನೋಡುವವರೆಗೆ ಅದು ತನ್ನ ಮುಖ ತೋರಿಸುವುದಿಲ್ಲ.

ಎರಡನೆಯ ಪ್ರಶ್ನೆ, ನಿಮ್ಮದನ್ನು ಗುರುತಿಸುವುದು ಹೇಗೆ ಎಂಬುದು. ಒಳಗೆ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಆನ್‌ಲೈನಿನ ಆಸಕ್ತಿ ಪರೀಕ್ಷೆಗಳನ್ನೂ ಬಿಡಿ. ನೀವು ಇದುವರೆಗೆ ಕಂಡದ್ದನ್ನಷ್ಟೇ ಅವು ನಿಮಗೆ ಮರಳಿ ಹೇಳಬಲ್ಲವು. ಅದರ ಬದಲು ಈ ವರ್ಷ ಒಂದು ಅಥವಾ ಹೆಚ್ಚೆಂದರೆ ಎರಡು ಕೆಲಸಗಳನ್ನು ಹಿಡಿಯಿರಿ. ಹಿಡಿಯುವ ಕೆಲಸಕ್ಕೆ ಕೊನೆಯ ದಿನಾಂಕವಿರಲಿ, ಕೊನೆಯಲ್ಲಿ ಇನ್ನೊಬ್ಬರ ಕೈಗೆ ಕೊಡಬಹುದಾದ ಏನಾದರೂ ಉಳಿಯಲಿ, ಜೊತೆಗೆ ಕನಿಷ್ಠ ಒಬ್ಬರಿರಲಿ.

ನಿಮ್ಮ ಕೋರ್ಸಿನೊಳಗಿನಿಂದಲೇ ಆರಂಭಿಸಬಹುದು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ದೇಶದ ಹಲವು ಕಾಲೇಜುಗಳಲ್ಲಿ ಕ್ಯಾಂಪಸ್ ಪಕ್ಷಿ ಎಣಿಕೆ ನಡೆಯುತ್ತದೆ. ಕನಿಷ್ಠ ಹದಿನೈದು ನಿಮಿಷ ನಿಂತು ಕಂಡ ಹಕ್ಕಿಗಳನ್ನು ದಾಖಲಿಸಿದರೆ ಸಾಕು, ನಿಮ್ಮ ಪಟ್ಟಿ ವಿಜ್ಞಾನಿಗಳು ಬಳಸುವ ಮಾಹಿತಿಯ ಭಾಗವಾಗುತ್ತದೆ. ನಿಮ್ಮ ಕಾಲೇಜಿನಲ್ಲಿ ಅದು ಇಲ್ಲದಿದ್ದರೆ ನೀವೇ ಆರಂಭಿಸಬಹುದು, ಪ್ರಾಂಶುಪಾಲರ ಒಂದು ಅನುಮತಿ ಸಾಕು. ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದ್ದನ್ನು ನಡೆಸುತ್ತದೆ. ಆಯ್ಕೆ ಸುಲಭವಲ್ಲ. ಆದರೂ ಅರ್ಜಿ ಹಾಕಿ ಎನ್ನುತ್ತೇನೆ, ಏಕೆಂದರೆ ‘ಯಾವ ವಿಷಯದಲ್ಲಿ, ಏಕೆ ಕೆಲಸ ಮಾಡಬಯಸುತ್ತೀರಿ’ ಎಂದು ಬರೆಯಲು ಕುಳಿತಾಗ ಎಷ್ಟೋ ವಿದ್ಯಾರ್ಥಿಗಳು ತಮ್ಮ ಪಠ್ಯವನ್ನು ಮೊದಲ ಬಾರಿಗೆ ತಮ್ಮ ಪ್ರಶ್ನೆಗಳೊಂದಿಗೆ ಓದುತ್ತಾರೆ. ವಿಜ್ಞಾನದಿಂದ ಹೊರಗಾದರೆ ರಾಷ್ಟ್ರೀಯ ಸೇವಾ ಯೋಜನೆ ಇದೆ. 1969ರಿಂದ ನಡೆದು ಬಂದಿರುವ ಈ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆ ಮತ್ತು ಏಳು ದಿನಗಳ ಶಿಬಿರವಿರುತ್ತದೆ. ಶಿಬಿರದಲ್ಲಿ ಮನೆಮನೆಯ ಸಮೀಕ್ಷೆಗೆ ಹೋದವರು ಸಾರ್ವಜನಿಕ ಆರೋಗ್ಯದ ಕಡೆಗೋ ಶಿಕ್ಷಕ ವೃತ್ತಿಯ ಕಡೆಗೋ ಒಲಿದದ್ದನ್ನು ನಾನು ಕಂಡಿದ್ದೇನೆ, ಪ್ರಮಾಣಪತ್ರಕ್ಕಾಗಿ ಹೋಗಿ ಪ್ರಮಾಣಪತ್ರವನ್ನಷ್ಟೇ ತಂದವರನ್ನೂ ಕಂಡಿದ್ದೇನೆ.

ಇನ್ನೊಂದು ಕೆಲಸವನ್ನು ನಿಮಗೆ ವಿಶೇಷವಾಗಿ ಸೂಚಿಸುತ್ತೇನೆ: 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಪಠ್ಯದ ಒಂದೊಂದೇ ವಿಷಯದ ಮೇಲೆ ಲೇಖನ ಬರೆಯುವುದು. ಇದಕ್ಕೆ ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪಠ್ಯಕ್ಕೆ ಬಿದ್ದ ಮಕ್ಕಳು ‘ನನಗೆ ವಿಜ್ಞಾನದಲ್ಲಿ ಆಸಕ್ತಿ ಇಲ್ಲ’ ಎಂದಾಗ, ಸ್ವಲ್ಪ ಕೆದಕಿದರೆ ತೊಡಕು ವಿಜ್ಞಾನದಲ್ಲಿರದೆ ಭಾಷೆಯಲ್ಲಿರುವುದು ಎಷ್ಟೋ ಸಲ ತಿಳಿಯುತ್ತದೆ. ಪ್ರತಿ ಸಾಲಿನಲ್ಲೂ ಎಡವುತ್ತ ಓದುವ ವಿಷಯದ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಅದೇ ವಿಷಯವನ್ನು ಕನ್ನಡದಲ್ಲಿ ಬರೆದು, ತಂಗಿಗೆ ಅರ್ಥವಾಯಿತೇ ಎಂದು ನೋಡಿ. ಸಸ್ಯಶಾಸ್ತ್ರದ ದೊಡ್ಡ ಸಂಶೋಧಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು ಕನ್ನಡದಲ್ಲಿ ಎಷ್ಟು ರಸವತ್ತಾಗಿ ಬರೆದಿದ್ದಾರೆಂದರೆ, ಅದನ್ನು ಓದಿದ ಮೇಲೆ ಬಸ್ ನಿಲ್ದಾಣದ ಪಕ್ಕದ ಗಿಡವೂ ನಿಂತು ನೋಡುವಂತೆ ಮಾಡುತ್ತದೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವರ ಪುಸ್ತಕಗಳು ಸಿಕ್ಕಾವು.

ಕೆಲಸ ಹಿಡಿದ ಮೇಲೆ ಏನನ್ನು ಗಮನಿಸಬೇಕು? ಖುಷಿಯನ್ನು ಅಳೆಯಬೇಡಿ. ಖುಷಿ ದಿನಕ್ಕೊಂದು ರೀತಿ. ಕೆಲಸವನ್ನು ಎತ್ತಿಟ್ಟು ಬಸ್ಸಿನಲ್ಲಿ ಕುಳಿತಾಗ ಅದರದೊಂದು ಪ್ರಶ್ನೆ ತಾನಾಗಿ ಮನಸ್ಸಿಗೆ ಬರುತ್ತದೆಯೇ, ಅದೇ ಕೆಲಸವನ್ನು ಇನ್ನೊಬ್ಬರು ಮಾಡಿದ್ದನ್ನು ಕಂಡಾಗ ‘ಇವರು ಇದನ್ನು ಹೇಗೆ ಮಾಡಿದರು’ ಎಂದು ಹತ್ತಿರ ಹೋಗಿ ನೋಡಬೇಕೆನಿಸುತ್ತದೆಯೇ, ಅದರ ಬೇಸರದ ಭಾಗವನ್ನು, ಅಂದರೆ ಪಟ್ಟಿ ಮಾಡುವುದು, ತಿದ್ದುವುದು, ಮತ್ತೆ ಎಣಿಸುವುದನ್ನು ಸಹಿಸಿಕೊಳ್ಳಬಲ್ಲಿರಾ ಎಂದು ನೋಡಿ. ನನ್ನ ಮಟ್ಟಿಗೆ ಕೊನೆಯದೇ ಹೆಚ್ಚು ನಂಬತಕ್ಕ ಸೂಚನೆ. ಬಿಡಬೇಕೆನಿಸಿದರೆ ಬಿಡಲು ನಿಮಗೆ ಪೂರ್ಣ ಹಕ್ಕಿದೆ; ಆದರೆ ಮೊದಲೇ ಗೊತ್ತುಮಾಡಿಕೊಂಡ ಕೊನೆಯ ದಿನಾಂಕದಂದು ಬಿಡಿ, ಕಷ್ಟವಾದ ದಿನದಂದು ಬೇಡ. ಹೀಗೆ ಬಿಟ್ಟದ್ದರ ಬಗ್ಗೆ ನಿಮಗೆ ಖಚಿತವಾದ ತಿಳಿವಳಿಕೆ ಇರುತ್ತದೆ, ಅಪರಾಧಿ ಭಾವ ಇರುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೊಸದರಲ್ಲಿ ಆಸಕ್ತಿ ನಿಲ್ಲದಿರುವುದು ಬೇರೆ. ಮೊದಲು ಇಷ್ಟವಾಗಿದ್ದ ಊಟ, ಗೆಳತಿಯರು, ಹಾಡು ಯಾವುದೂ ಬೇಡವೆನಿಸಿ, ನಿದ್ದೆ ಕೆಟ್ಟು, ಇದು ವಾರಗಟ್ಟಲೆ ಮುಂದುವರಿಯುವುದು ಬೇರೆ. ಎರಡನೆಯದು ಖಿನ್ನತೆಯ ಲಕ್ಷಣವಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹಾಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಪತ್ರದಲ್ಲಿ ಅಂಥ ಸೂಚನೆ ನನಗೆ ಕಾಣಲಿಲ್ಲ, ಆದರೂ ಓದುವ ಬೇರೆಯವರಿಗೆ ಬೇಕಾಗಬಹುದು.

ಕೊನೆಯದು ಬ್ಯಾಂಕ್ ಪರೀಕ್ಷೆ. ಒಪ್ಪಿದರೆ ಎಲ್ಲ ಮುಗಿಯಿತೆಂಬ ನಿಮ್ಮ ಭಯಕ್ಕೆ ಆಧಾರವಿಲ್ಲ. ಏಮಿ ರೆಸ್ನೆಸ್ಕಿ ಎಂಬ ಸಂಶೋಧಕಿ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಕಚೇರಿ ಸಹಾಯಕ ಹುದ್ದೆಯಲ್ಲಿದ್ದವರ ಪೈಕಿ ಕೆಲವರು ತಮ್ಮ ಕೆಲಸವನ್ನು ಬರೀ ಸಂಬಳದ ದಾರಿಯೆಂದು, ಕೆಲವರು ಬಡ್ತಿಯ ಮೆಟ್ಟಿಲೆಂದು, ಇನ್ನು ಕೆಲವರು ಬದುಕಿಗೆ ಅರ್ಥ ಕೊಡುವ ಕಾಯಕವೆಂದು ಕಂಡಿದ್ದರು. ಮೂರೂ ಗುಂಪುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಲ್ಲದೆ ಒಲವು ಉದ್ಯೋಗವೇ ಆಗಬೇಕೆಂಬ ನಿಯಮವೂ ಇಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ 1914ರಿಂದ 1943ರವರೆಗೆ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತ ಕವಿಯಾದರು. ಒಲವಿಗೆ ಸಂಬಳ ಗಂಟುಬಿದ್ದಾಗ ಅದು ಸೊರಗುವುದೂ ಉಂಟು. 1971ರಲ್ಲಿ ಡೆಸಿ ನಡೆಸಿದ ಪ್ರಯೋಗದಲ್ಲಿ, ಒಗಟಿನ ಆಟಕ್ಕೆ ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಅದನ್ನು ಮುಟ್ಟುವುದು ಕಡಿಮೆಯಾಯಿತು. ಹಾಗೆಂದು ಒಲವಿನಿಂದ ಹೊಟ್ಟೆ ಹೊರೆಯಬಾರದು ಎಂದಲ್ಲ. ಎರಡನ್ನೂ ಒಂದೇ ನಿರ್ಧಾರದಲ್ಲಿ ಕಟ್ಟಿಹಾಕಬೇಕಾಗಿಲ್ಲ, ಅಷ್ಟೆ. ಮನೆಯ ಮೊದಲ ಪದವೀಧರೆಯಾಗಲಿರುವ ಹುಡುಗಿಗೆ ತಿಂಗಳ ಸಂಬಳ ಎನ್ನುವುದು ಸಣ್ಣ ವಿಷಯವಲ್ಲ. ಮದುವೆಯ ಮಾತು ಬಂದಾಗ ಮುಂದಕ್ಕೆ ಹಾಕುವ ಬಲವೂ, ಮುಂದೆ ಓದುವೆನೆಂದು ಹೇಳುವ ಧೈರ್ಯವೂ ಅದರಿಂದ ಬರುತ್ತವೆ.

ಅಪ್ಪನ ಜೊತೆ ಮಾತಾಡುವಾಗ ‘ನನಗೆ ಪ್ಯಾಶನ್ ಬೇಕು’ ಎಂದು ಆರಂಭಿಸಬೇಡಿ. ಅದು ಅವರಿಗೆ ನಿರಾಕರಣೆಯಂತೆ ಕೇಳಿಸುತ್ತದೆ. ಬ್ಯಾಂಕ್ ಅಧಿಕಾರಿ ಮತ್ತು ಗುಮಾಸ್ತರ ನೇಮಕಾತಿ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಪದವಿ ಮುಗಿದಿರಬೇಕು. ಆದ್ದರಿಂದ ಈ ವರ್ಷ ಅರ್ಜಿ ಹಾಕುವ ಪ್ರಶ್ನೆಯೇ ಇಲ್ಲವೆಂದು ಅವರಿಗೆ ಮೊದಲು ತಿಳಿಸಿ. ಕೊನೆಯ ವರ್ಷ ಆರಂಭವಾದಾಗಿನಿಂದ ಗಣಿತ, ತಾರ್ಕಿಕ ಸಾಮರ್ಥ್ಯ ಮತ್ತು ಇಂಗ್ಲಿಷಿಗೆ ದಿನಕ್ಕೆ ಒಂದು ಗಂಟೆ ಕೊಡುತ್ತೇನೆಂದು ಒಪ್ಪಿಕೊಳ್ಳಿ. ಅದಕ್ಕೆ ಪ್ರತಿಯಾಗಿ, ಈಗಿನಿಂದ ಬರುವ ಬೇಸಿಗೆಯವರೆಗೆ ಶನಿವಾರದ ಮಧ್ಯಾಹ್ನಗಳನ್ನು ಕಾಲೇಜಿನಲ್ಲಿ ಉಳಿದು ಕೆಲಸ ಮಾಡಲು, ಫೆಲೋಶಿಪ್ ಸಿಕ್ಕರೆ ಎರಡು ತಿಂಗಳು ಹೊರ ಊರಿನಲ್ಲಿರಲು ಅನುಮತಿ ಕೇಳಿ. ಎರಡನೆಯದಕ್ಕೆ ಅವರು ಹಿಂಜರಿಯಬಹುದು. ಆಗ ನಿಮ್ಮ ಅಧ್ಯಾಪಕರಲ್ಲಿ ಒಬ್ಬರನ್ನು ಅವರ ಜೊತೆ ಫೋನಿನಲ್ಲಿ ಮಾತಾಡಲು ಕೇಳಿಕೊಳ್ಳಿ; ಮಗಳು ಯಾರ ಜೊತೆ, ಎಲ್ಲಿ, ಏನು ಮಾಡುತ್ತಾಳೆಂದು ಅಧ್ಯಾಪಕರ ಬಾಯಿಂದ ಕೇಳಿದರೆ ಹೆಚ್ಚಿನ ತಂದೆಯರ ಆತಂಕ ಇಳಿಯುತ್ತದೆ. ಯಾವ ಅಧ್ಯಾಪಕರು ಎಂದು ಈ ವಾರವೇ ಗೊತ್ತುಮಾಡಿಕೊಂಡು, ಅವರ ಬಿಡುವಿನ ಅವಧಿಯಲ್ಲಿ ವಿಭಾಗಕ್ಕೆ ಹೋಗಿ ‘ಸರ್, ಈ ಸೆಮಿಸ್ಟರಿನಲ್ಲಿ ನಾನು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆಯೇ’ ಎಂದು ಕೇಳಿ.